ಶಹಾಬಾದ್‌ನಿಂದ ಫಾರಿನ್‌ಗೆ ಒಂದು ಟ್ರೇನ್

ಪಾಸ್‌ಪೋರ್ಟ್ ಇಲ್ಲದೆ ಬೆಳಿಗ್ಗೆ ಟ್ರೇನ್ ಹತ್ತಿ, ಬೇರೆ ದೇಶದ ಊರು ನೋಡಿ ರಾತ್ರಿ ಮನೆಗೆ ಬರಬಹುದಾ? ನಮ್ಮ ಭಂಕೂರಿನ ಹಿರಿಯರ ಕಾಲದಲ್ಲಿ ಅಂಥ ಊರೊಂದಿತ್ತು: ಸೊಲ್ಲಾಪುರ. ಟ್ರೇನ್ ಸಿಗ್ತಿದ್ದದ್ದು ಪಕ್ಕದ ಶಹಾಬಾದ್‌ನಲ್ಲಿ.

ಆಗ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನ. ಸೊಲ್ಲಾಪುರ ಬ್ರಿಟಿಷರ ಮುಂಬೈ ಪ್ರಾಂತ್ಯ. ಇಲ್ಲಿ ನಡೀತಿದ್ದದ್ದು ಹಾಲಿ ಸಿಕ್ಕಾ ನಾಣ್ಯ, ಅಲ್ಲಿ ಬ್ರಿಟಿಷ್ ರೂಪಾಯಿ. ಸಂಸ್ಥಾನದ ಗಡಿಯಲ್ಲಿ ಸರಕಿಗೆ ಸುಂಕ; ಅದನ್ನು ವಸೂಲಿ ಮಾಡೋ ಇಲಾಖೆಗೆ ಕರೋಡಗಿರಿ ಅಂತಿದ್ದರು. ಹೈದರಾಬಾದ್ ಮಾತ್ರ ನಮ್ಮದೇ ರಾಜಧಾನಿ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದ್‌ಗೆ 1874ರಲ್ಲೇ ರೈಲು ಶುರುವಾಗಿತ್ತು.

1947ರ ಆಗಸ್ಟ್ 15ಕ್ಕೆ ಸೊಲ್ಲಾಪುರ ಸ್ವತಂತ್ರ ಭಾರತವಾಯ್ತು. ನಾವು ಆಗಲಿಲ್ಲ. ಮುಂದಿನ 13 ತಿಂಗಳು ಸ್ವಾತಂತ್ರ್ಯ ನಮಗೆ ಒಂದು ಟ್ರೇನ್‌ನಷ್ಟು ದೂರದಲ್ಲಿತ್ತು. ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಜನ ಸಂಸ್ಥಾನದ ಗಡಿ ದಾಟಿ ಹೋದರು. ಅದು ಸಂಜೆ ವಾಪಸ್ ಬರೋ ಪ್ರಯಾಣ ಆಗಿರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿತು, ಹೈದರಾಬಾದ್ ಆಂಧ್ರಕ್ಕೆ ಹೋಯಿತು. ರಾಜಧಾನಿಯೇ ಪರರಾಜ್ಯವಾಯ್ತು!

ನಮ್ಮ ಮುತ್ಯಾ ಇವತ್ತಿಗೂ ದೊಡ್ಡ ಊರು ಅಂದ್ರೆ ಹೈದರಾಬಾದ್ ಅಂತಾರೆ. ಬೆಂಗಳೂರು ಅನ್ರಿ ಮುತ್ಯಾ ಅಂತ ನಾವು ನಗ್ತಿದ್ವಿ. ಇಂಗ್ಲಿಷ್ ಮೀಡಿಯಂನಲ್ಲಿ ಆಗಸ್ಟ್ 15 ಓದಿದ್ವಿ, ಸೆಪ್ಟೆಂಬರ್ 17ಕ್ಕೆ ಬರೀ ರಜಾ ಇದೆ ಅಂತ ಖುಷಿಪಟ್ವಿ. ಈಗ ನಗೋಕೆ ಮನಸ್ಸು ಬರಲ್ಲ. ಹಳಿ ಅಲ್ಲೇ ಇದೆ, ದೇಶ ಬದಲಾಗಿದೆ. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ: ನಿಮ್ಮ ಕಾಲದಲ್ಲಿ ಫಾರಿನ್ ಎಲ್ಲಿಂದ ಶುರುವಾಗ್ತಿತ್ತು?