ಕೆರೆ ಏರಿಯ ಮೇಲೆ ಸಿಕ್ಕ ಲೋಹದ ಬಿಲ್ಲೆ

ಹೂಳೆತ್ತಿ ಬಿಟ್ಟಿದ್ದ ಕೆರೆಯ ಏರಿ ಮೇಲೆ ಬೆಳಗಿನ ವಾಕಿಂಗಿಗೆ ಹೊರಟ ನಿವೃತ್ತ ಮೇಷ್ಟ್ರೊಬ್ಬರ ಚಪ್ಪಲಿಗೆ ಏನೋ ತಗುಲಿತು. ಬಾಗಿ ನೋಡಿದರೆ ಅಂಗೈ ಅಗಲದ ಲೋಹದ ಬಿಲ್ಲೆ. ಮೈತುಂಬ ಹಸಿರು ಕಿಲುಬು, ಹಿಂಬದಿಯಲ್ಲಿ ಮುರಿದ ಕೊಂಡಿ, ಅಂಚಿನಲ್ಲಿ ಉಗುರಿಗೆ ಮಾತ್ರ ತಾಗುವಂಥ ಗೆರೆಗಳು. ಟವೆಲಿನಲ್ಲಿ ಸುತ್ತಿ ಮನೆಗೆ ತಂದರು. ಮನೆಯವರು ಹುಣಸೆಹಣ್ಣು ಹಚ್ಚಿ, ದೇವರ ಸಾಮಾನು ತಿಕ್ಕುವ ಹಾಗೆ ತಿಕ್ಕಿದರು. ಬಿಲ್ಲೆ ಹೊಳೆಯಿತು, ಗೆರೆಗಳು ಹೋದವು. ಸಂಜೆಗೆ ಅದು ಅಕ್ಕಸಾಲಿಗರ ಅಂಗಡಿಯಲ್ಲಿತ್ತು. ಮಾರನೆಯ ದಿನ ಮನೆ ಬಾಗಿಲಲ್ಲಿ ದಲ್ಲಾಳಿಯೊಬ್ಬ ನಿಂತಿದ್ದ. ವಾರ ಕಳೆಯುವುದರೊಳಗೆ ಪೊಲೀಸರು ಬಂದು ಬಿಲ್ಲೆ ಒಯ್ದರು. ಮೇಷ್ಟ್ರು ವಕೀಲರ ಕಚೇರಿ ಮೆಟ್ಟಿಲು ಹತ್ತಿದಾಗ ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ವಸ್ತು ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಒಯ್ದರು ಎನ್ನುವುದಕ್ಕೆ ಅವರ ಬಾಯಿಮಾತೇ ಸಾಕ್ಷಿ.

ತಾಲ್ಲೂಕು ಕೋರ್ಟಿನ ವಕೀಲರಿಗೆ ಇಂಥ ಕಥೆ ಹೊಸದಲ್ಲ. ದಾರಿಯಲ್ಲಿ ಸಿಕ್ಕ ವಸ್ತು ಯಾವುದು ಎಂದು ತಿಳಿಯುವ ಆತುರದಲ್ಲಿ ಜನ ಎಲ್ಲರನ್ನೂ ಕೇಳುತ್ತಾರೆ, ಕೇಳಲೇಬೇಕಾದವರನ್ನು ಬಿಟ್ಟು. ಕಚೇರಿ ಎಂದರೆ ಭಯ. ‘ಹೇಳಿದರೆ ನಮ್ಮ ಮೇಲೇ ಕೇಸು’ ಎಂಬ ಮಾತು ಊರೂರಲ್ಲಿ ಓಡಾಡುತ್ತದೆ. ಕಾನೂನು ಹೇಳುವುದು ತದ್ವಿರುದ್ಧ: ಕೇಸು ಬೀಳುವುದು ಹೇಳದೆ ಇಟ್ಟುಕೊಂಡವರ ಮೇಲೆ.

ಆದರೆ ಕಾನೂನಿಗೂ ಮೊದಲು ಜೀವ. ಗುಂಡಿನ ಆಕಾರದ, ಬಾಲದಂಥ ರೆಕ್ಕೆಗಳಿರುವ, ತುಕ್ಕು ಹಿಡಿದ ಭಾರದ ವಸ್ತು ಕಂಡರೆ ಮುಟ್ಟಬಾರದು, ಒದೆಯಬಾರದು, ಪಕ್ಕದಲ್ಲಿ ನಿಂತು ಫೋಟೊ ತೆಗೆಯುವುದೂ ಬೇಡ. ದೂರ ಸರಿದು 112ಕ್ಕೆ ಕರೆ ಮಾಡಬೇಕು. ಮೂರು ಎಸಳಿನ ವಿಕಿರಣ ಚಿಹ್ನೆ ಇರುವ ಡಬ್ಬಿಗೂ ಇದೇ ಮಾತು. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಬಂದ ಹಳೆಯ ಪ್ರಯೋಗಾಲಯದ ಯಂತ್ರವೊಂದನ್ನು ಬಿಡಿಸಿದಾಗ ಒಳಗಿದ್ದ ಕೋಬಾಲ್ಟ್-60 ಹೊರಬಿತ್ತು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಸತ್ತ. ಬಿಡಿಸಿದವರಿಗೆ ಅದು ಹಳೆ ಲೋಹವಾಗಿ ಮಾತ್ರ ಕಂಡಿತ್ತು. ಆಕಾಶದಿಂದ ಬೀಳುವುದೂ ಉಂಟು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಬಿತ್ತು. ರಾಕೆಟ್ಟಿನ ಅವಶೇಷ ಅದು. ಅಂಥದ್ದನ್ನು ಕತ್ತರಿಸಿ ಗುಜರಿಗೆ ಹಾಕಿದರೆ ಪ್ರಾಣಕ್ಕೂ ಅಪಾಯ, ತನಿಖೆಗೂ ನಷ್ಟ.

ಅಪಾಯದ ವಸ್ತುವಲ್ಲ ಎಂದಾದ ಮೇಲೆ ಬರುವುದು ಇದು ಯಾರದ್ದು ಎಂಬ ಪ್ರಶ್ನೆ. ನಿನ್ನೆ ಮೊನ್ನೆ ಯಾರೋ ಕಳೆದುಕೊಂಡ ಬಳೆಯೋ, ಕಾಲುಂಗುರವೋ, ವಾಚೋ ಆಗಿದ್ದರೆ ಸಿಕ್ಕವರು ಅದರ ಕಾವಲುಗಾರರು ಮಾತ್ರ. 1872ರ ಕರಾರು ಕಾಯ್ದೆಯ 71ನೇ ಕಲಂ ಹೇಳುವುದು ಇದನ್ನೇ. ಮಾಲೀಕರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಮಾರಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಕಾಯುತ್ತಿರುತ್ತದೆ. ಹಳೆಯ ಐಪಿಸಿ 403ರಲ್ಲಿ ಕನಿಷ್ಠ ಶಿಕ್ಷೆ ಇರಲಿಲ್ಲ. 2024ರ ಜುಲೈ 1ರಿಂದ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು, ಜೊತೆಗೆ ದಂಡ. ಈ ಬದಲಾವಣೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಹಳೆಯದು ಎಂಬ ಅನುಮಾನ ಬಂದರೆ ದಾರಿ ಬೇರೆ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತುವಿಗೆ ನಿಧಿ ಕಾಯ್ದೆ ಇದೆ. ಬ್ರಿಟಿಷರ ಕಾಲದ 1878ರ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೂ ಸಾಕು, ಲಿಖಿತವಾಗಿ ತಿಳಿಸಿ ಎಂದಿತು. ತಿಳಿಸದವರಿಗೆ ಪಾಲೂ ಇಲ್ಲ, ಒಂದು ವರ್ಷದವರೆಗೆ ಜೈಲೂ ಉಂಟು ಎಂದಿತು. ಅದೇ ಕಾಯ್ದೆ ಜಮೀನಿನವರೂ ಹಕ್ಕು ಕೇಳಿದಾಗ ಸಿಕ್ಕವರಿಗೆ ನಾಲ್ಕರಲ್ಲಿ ಮೂರು ಪಾಲು ಎಂದೂ ಹೇಳುತ್ತದೆ. ಆ ಲೆಕ್ಕ ಹಿಡಿದುಕೊಂಡು ಕರ್ನಾಟಕದಲ್ಲಿ ಕೂರಬಾರದು. ಇಲ್ಲಿ 1962ರ ರಾಜ್ಯದ್ದೇ ನಿಧಿ ಕಾಯ್ದೆ ಇದೆ. ಜಿಲ್ಲಾಧಿಕಾರಿ ವಿಚಾರಣೆ ನಡೆಸಿ ಆದೇಶ ಮಾಡುವವರೆಗೆ ಯಾರ ಪಾಲು ಎಷ್ಟು ಎಂದು ಹೇಳುವ ಅಧಿಕಾರ ಯಾವ ದಲ್ಲಾಳಿಗೂ ಇಲ್ಲ. 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೆಗೆಯುವಾಗ ಚಿನ್ನದ ಒಡವೆಗಳಿದ್ದ ತಾಮ್ರದ ಪಾತ್ರೆ ಸಿಕ್ಕಾಗ ಆ ಬಡ ಕುಟುಂಬ ಮುಚ್ಚಿಡದೆ ಒಪ್ಪಿಸಿತು. ನಾಡೇ ಅವರನ್ನು ಕೊಂಡಾಡಿತು.

ಮಣ್ಣಿನ ಮೇಲೆ ಬಿದ್ದಿದ್ದ, ಬೆಲೆಯೇ ಇಲ್ಲದಂತೆ ಕಾಣುವ ಬಿಲ್ಲೆ ನಿಧಿಯೇ? ಆಗಿರದೇ ಇರಬಹುದು. ಆದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಕಣ್ಣಿನಲ್ಲಿ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಕುಶಲ ಕೆಲಸದ ವಸ್ತು ಪುರಾತನ ವಸ್ತುವೇ. ಲೋಹದ ವಿಗ್ರಹವಾದರೆ ನೋಂದಣಿ ಕಡ್ಡಾಯ, ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತೆಯೇ ಇಲ್ಲ. ವಸ್ತು ಪುರಾತನವೋ ಅಲ್ಲವೋ ಎಂಬ ತಕರಾರು ಬಂದರೆ ತೀರ್ಮಾನ ಹೇಳುವವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರು ಅಥವಾ ಅವರು ಅಧಿಕಾರ ಕೊಟ್ಟವರು. ಅಕ್ಕಸಾಲಿಗರ ಒರೆಗಲ್ಲು ಲೋಹದ ಜಾತಿ ಹೇಳೀತು, ವಯಸ್ಸು ಹೇಳುವುದಿಲ್ಲ. ತಿಕ್ಕಿ ತೊಳೆದ ವಸ್ತುವಿನ ವಯಸ್ಸು ಹೇಳುವುದು ತಜ್ಞರಿಗೂ ಕಷ್ಟ. ಹುಣಸೆಹಣ್ಣಿನ ಜೊತೆ ಕೊಚ್ಚಿಹೋಗುವುದು ಆ ಕಿಲುಬಿನಲ್ಲಿದ್ದ ಪುರಾವೆ.

ಹಂಪಿಯಂಥ ಸಂರಕ್ಷಿತ ಪ್ರದೇಶದಲ್ಲಿ ಸಿಕ್ಕರೆ ಎತ್ತಿಕೊಳ್ಳುವುದೂ ಬೇಡ. ಇದ್ದಲ್ಲೇ ಬಿಟ್ಟು ಕಾವಲು ಸಿಬ್ಬಂದಿಗೆ ತೋರಿಸಬೇಕು. ‘ಇನ್ನೂ ಏನಾದರೂ ಇದ್ದೀತು’ ಎಂದು ಹಾರೆ ಹಿಡಿದು ಅಗೆಯಲು ನಿಂತರೆ ಆಕಸ್ಮಿಕವಾಗಿ ಕಂಡವರು ಅಪರಾಧಿಗಳಾಗುತ್ತಾರೆ.

ಇನ್ನು ದಲ್ಲಾಳಿಗಳು. ಇವರಿಂದ ಹಾಳಾದ ಸಂಸಾರಗಳನ್ನು ಕಂಡ ಯಾರಿಗೂ ಸಿಟ್ಟು ತಡೆಯುವುದಿಲ್ಲ. ‘ಇದು ರೈಸ್ ಪುಲ್ಲರ್, ಸಿಡಿಲು ಬಡಿದ ತಾಮ್ರ, ಒಳಗೆ ಇರಿಡಿಯಂ ಇದೆ, ಅಕ್ಕಿ ಕಾಳು ಎಳೆಯುತ್ತದೆ, ನಾಸಾದವರು ಕೋಟಿಗೆ ಕೊಳ್ಳುತ್ತಾರೆ’ ಎಂದು ಶುರುವಾಗುತ್ತದೆ. ಕಬ್ಬಿಣದ ಪುಡಿ ಅಂಟಿಸಿದ ಅಕ್ಕಿ, ಅಡಗಿಸಿಟ್ಟ ಅಯಸ್ಕಾಂತ, ಅಷ್ಟೇ. ಸಿಡಿಲು ಬಡಿದರೆ ತಾಮ್ರ ಇರಿಡಿಯಂ ಆಗುವುದಿಲ್ಲ. ಪರೀಕ್ಷೆಗೆ ವಿಜ್ಞಾನಿ ಬರಬೇಕು, ವಿಕಿರಣ ತಡೆಯುವ ಉಡುಪು ಬೇಕು ಎಂದು ಕಂತು ಕಂತಾಗಿ ಹಣ ಕೀಳುತ್ತಾರೆ. 2018ರ ಮೇನಲ್ಲಿ ದೆಹಲಿ ಪೊಲೀಸರು ಬಂಧಿಸಿದ ತಂದೆ-ಮಗ ಇದೇ ಆಟದಲ್ಲಿ ಉದ್ಯಮಿಯೊಬ್ಬರಿಂದ 1.43 ಕೋಟಿ ರೂಪಾಯಿ ಕಿತ್ತಿದ್ದರು. ಮೋಸ ಹೋದವರು ದೂರು ಕೊಡಲೂ ಹೆದರುತ್ತಾರೆ, ವಸ್ತುವನ್ನು ತಿಳಿಸದೆ ಇಟ್ಟುಕೊಂಡದ್ದು ಹೊರಬೀಳುತ್ತದಲ್ಲ ಎಂದು. ದಲ್ಲಾಳಿ ನಂಬಿರುವುದು ಈ ಹೆದರಿಕೆಯನ್ನೇ.

ಹಾಗಾದರೆ ಮಾಡಬೇಕಾದ್ದೇನು? ಅದೇ ದಿನ ಜಿಲ್ಲಾಧಿಕಾರಿಗೆ ಒಂದು ಅರ್ಜಿ, ತಹಶೀಲ್ದಾರರಿಗೂ ಹತ್ತಿರದ ಠಾಣೆಗೂ ಪ್ರತಿ. ಬಿಳಿ ಹಾಳೆ ಸಾಕು, ಸ್ಟಾಂಪ್ ಪೇಪರ್ ಬೇಡ. ಏನು ಸಿಕ್ಕಿತು, ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು, ಜಾಗ ಯಾರದ್ದು. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ತೂಬಿನಿಂದ ಎಷ್ಟು ಹೆಜ್ಜೆ ಎಂದು ಬರೆದರೂ ನಡೆಯುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡು ಬದಿಯ ಫೋಟೊ.

ಬಹಳ ಮಂದಿ ಸೋಲುವುದು ಇಲ್ಲೇ. ‘ಗ್ರಾಮ ಲೆಕ್ಕಿಗರಿಗೆ ಹೇಳಿದ್ದೆ’, ‘ದಫೇದಾರರ ಕೈಗೆ ಕೊಟ್ಟೆ’ ಎನ್ನುತ್ತಾರೆ. ಕಾಯ್ದೆಗೆ ಹೇಳಿಕೆ ಸಾಲದು, ಬರಹ ಬೇಕು. ಬಾಯಲ್ಲಿ ಹೇಳಿದವರು ಆರು ತಿಂಗಳ ನಂತರ ಹೇಳದವರ ಸಾಲಿನಲ್ಲಿ ನಿಲ್ಲುತ್ತಾರೆ. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಆವಕ ಸಂಖ್ಯೆ, ತಾರೀಖು, ಮೊಹರು ಹಾಕಿಸಿಕೊಂಡೇ ಹೊರಬರಬೇಕು. ‘ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ನೋಡೋಣ’ ಎನ್ನುವ ಗುಮಾಸ್ತರಿಗೆ ಸ್ವೀಕೃತಿ ಕೊಡುವುದು ಕೆಲಸ, ಕೃಪೆಯಲ್ಲ. ಒಪ್ಪದಿದ್ದರೆ ಜಗಳ ಬೇಡ. ಅಂಚೆ ಕಚೇರಿಗೆ ನಡೆದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಅಂಟಿಸಿಟ್ಟುಕೊಳ್ಳಬೇಕು.

ವಸ್ತು ಕೊಡುವಾಗಲೂ ಹಾಗೆಯೇ. ಅಳತೆ, ತೂಕ, ಸಾಕ್ಷಿಗಳ ಸಹಿ ಇರುವ ಮಹಜರಿನ ನಕಲು ಕೇಳಬೇಕು. ಪೊಲೀಸರು ಜಪ್ತಿ ಮಾಡುವುದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಪಟ್ಟಿ ಮಾಡುವುದನ್ನೂ ಸಹಿ ಹಾಕಿಸುವುದನ್ನೂ ಮೊಬೈಲಿನಲ್ಲಾದರೂ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದನ್ನು ನೆನಪಿಸಿದರೆ ಕೆಲವು ಅಧಿಕಾರಿಗಳು ‘ನಮಗೇ ಕಾನೂನು ಹೇಳ್ತೀರಾ’ ಎಂದು ಗದರುತ್ತಾರೆ. ಮೆತ್ತಗೆ, ಆದರೆ ಮತ್ತೊಮ್ಮೆ ಹೇಳಬೇಕು. ಪಂಚಲೋಹದ ವಸ್ತು ಕಡತದಲ್ಲಿ ‘ಹಿತ್ತಾಳೆಯ ತುಂಡು’ ಆಗದಂತೆ ತಡೆಯುವುದು ಆ ಚಿತ್ರೀಕರಣ.

ಮೇಷ್ಟ್ರ ಬಿಲ್ಲೆ ಈಗ ಎಲ್ಲಿದೆ ಎಂದು ತಿಳಿಯಲು ವಕೀಲರು ಹಾಕಿಸಿದ್ದು ಮಾಹಿತಿ ಹಕ್ಕು ಅರ್ಜಿ: ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉದ್ದವಾಯಿತು ಎಂಬ ನೆಪಕ್ಕೆ ವಾಪಸು ಬರುವ ಅರ್ಜಿಗಳು ಬಹಳ. ಉತ್ತರಕ್ಕೆ 30 ದಿನ ಗಡುವು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿಯಲ್ಲಿದ್ದದ್ದು ಮೂರೇ ಸಾಲು: ಈ ದಿನ ಈ ವಿಳಾಸದಿಂದ ಪಡೆದ ಲೋಹದ ವಸ್ತು ಯಾರ ವಶದಲ್ಲಿದೆ, ಅದರ ಮಹಜರಿನ ನಕಲು ಕೊಡಿ, ಪುರಾತತ್ತ್ವ ಇಲಾಖೆಗೆ ಬರೆದ ಪತ್ರವಿದ್ದರೆ ಅದನ್ನೂ ಕೊಡಿ. ಆ ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು ಬಿದ್ದಿದೆ.