ಬೆಳಕಿನಿಂದ ತಣಿಯುವ ಪರಮಾಣು

ಬೆಳಕು ಬಿದ್ದರೆ ವಸ್ತು ಬಿಸಿಯಾಗುವುದು ಎಲ್ಲರೂ ಬಲ್ಲ ಸಂಗತಿ. ಅದೇ ಬೆಳಕು ತಂಪನ್ನೂ ಮಾಡಬಲ್ಲದೆಂದು ಓದಿದಾಗ ಕಲಾವಿಭಾಗದವನಾದ ನನಗೆ ಸೋಜಿಗವಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಥದನ್ನು ತಿಳಿಯಲು ನನಗೆ ಗ್ರಂಥಭಂಡಾರವೇ ಗತಿ.

ಅನಿಲದಲ್ಲಿ ಶಾಖವೆಂದರೆ ಪರಮಾಣುಗಳ ಓಡಾಟ. ಕೋಣೆಯ ಉಷ್ಣತೆಯಲ್ಲಿ ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರು ಓಡುತ್ತದೆ. ಓಟ ತಗ್ಗಿದರೆ ಅದೇ ತಂಪು. ಪರಮಾಣು ತನಗೊಪ್ಪುವ ಬಣ್ಣದ ಬೆಳಕನ್ನು ಮಾತ್ರ ಹೀರುತ್ತದೆ. ವಿಜ್ಞಾನಿಗಳು ಲೇಸರ್ ಬೆಳಕಿನ ಕಂಪನವನ್ನು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇಡುತ್ತಾರೆ. ಎದುರು ಬರುವ ರೈಲಿನ ಸಿಳ್ಳು ಏರಿದ ಸ್ವರದಲ್ಲಿ ಕೇಳುವುದಷ್ಟೆ? ಹಾಗೆಯೇ ಬೆಳಕಿಗೆ ಎದುರಾಗಿ ಓಡುವ ಪರಮಾಣುವಿಗೆ ಆ ಕಂಪನ ಏರಿದಂತಾಗಿ ಸರಿಹೊಂದುತ್ತದೆ. ಅದು ಬೆಳಕನ್ನು ಹೀರಿ ಹಿಂದಕ್ಕೆ ಒಂದು ನೂಕು ತಿನ್ನುತ್ತದೆ. ಹೀರಿದ್ದನ್ನು ಮತ್ತೆ ಯಾವ ದಿಕ್ಕಿಗಾದರೂ ಉಗುಳುವುದರಿಂದ ಆ ಒದೆತಗಳು ಒಟ್ಟಿನಲ್ಲಿ ಸರಿತೂಗಿಹೋಗುತ್ತವೆ, ಎದುರಿನ ನೂಕು ಉಳಿಯುತ್ತದೆ. ಆರು ದಿಕ್ಕಿನಿಂದಲೂ ಹೀಗೆ ಸಾವಿರಾರು ಸಲ ತಳ್ಳಿಸಿಕೊಂಡ ಬಡಪಾಯಿ ಪರಮಾಣು ಓಡುವುದಾದರೂ ಎಲ್ಲಿಗೆ?

1995ರಲ್ಲಿ ಅಮೆರಿಕದ ಬೋಲ್ಡರಿನಲ್ಲಿ ಕಾರ್ನೆಲ್ ಮತ್ತು ವೀಮನ್ ಹೀಗೆ ತಣಿಸಿದ ರುಬಿಡಿಯಮನ್ನು ಕಾಂತಬಲದಿಂದ ಹಿಡಿದಿಟ್ಟು, ಹೆಚ್ಚು ಬಿಸಿಯಾದ ಪರಮಾಣುಗಳನ್ನು ಕಾಫಿಯ ಆವಿಯಂತೆ ಹೊರಬಿಟ್ಟರು. ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿ ಪಾಲಿನಲ್ಲಿ ಎರಡು ಪಾಲಿನಷ್ಟೂ ಮೇಲಿಲ್ಲದ ಆ ಶೈತ್ಯದಲ್ಲಿ ಸುಮಾರು 2000 ಪರಮಾಣುಗಳು ಬೇರೆತನ ಕಳೆದುಕೊಂಡು ಒಂದೇ ಅಲೆಯಂತಾದವು.

ಇದರ ಬೀಜ, 1924ರಲ್ಲಿ ಢಾಕಾದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನರಿಗೆ ಕಳುಹಿಸಿದ ಒಂದು ಚಿಕ್ಕ ಲೇಖನ. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚುಮಾಡಿಸಿದರು. ಅದರ ಜಾಡಿನಲ್ಲೇ ನಡೆದು ಈ ಸ್ಥಿತಿಯನ್ನು ಮೊದಲೇ ಊಹಿಸಿದರು. ಬೋಸರು 1974ರಲ್ಲಿ ತೀರಿಕೊಂಡರು. ಅದನ್ನು ಕಣ್ಣಾರೆ ಕಾಣಲಿಲ್ಲ. ಇಂದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ತಂಪು ಪರಮಾಣುಗಳ ಮೇಲೆ ಪ್ರಯೋಗಗಳು ನಡೆಯುತ್ತಿವೆ.