ಮರಳುಗಲ್ಲಿನ ಕಟ್ಟಡ: ಐಹೊಳೆಯ ಲಾಡಖಾನ ಗುಡಿ

ಸಾವಳಗಿಯ ಎರೆಭೂಮಿಯಿಂದ ದಕ್ಷಿಣಕ್ಕೆ ಹೊರಟವರು ಕೃಷ್ಣೆಯನ್ನೂ ಘಟಪ್ರಭೆಯನ್ನೂ ದಾಟಿ ಮಲಪ್ರಭೆಯ ದಂಡೆಯನ್ನು ಸೇರುವಷ್ಟರಲ್ಲಿ ನೆಲದ ಕಲ್ಲೇ ಬದಲಾಗಿರುತ್ತದೆ. ಉತ್ತರದಲ್ಲಿ ಲಾವಾರಸ ಹೆಪ್ಪುಗಟ್ಟಿ ಆದ ಕರಿಗಲ್ಲು; ವಿಜಾಪುರದ ಗೋಲಗುಮ್ಮಟವು ಈ ಕಲ್ಲಿನದು. ದಕ್ಷಿಣದಲ್ಲಿ ನಸುಗೆಂಪಾದ ಮರಳುಗಲ್ಲು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಕಟ್ಟಡಗಳು ಈ ಕಲ್ಲಿನವು. ಕಲ್ಲಿನ ಗುಣವು ಕಟ್ಟಡದ ರೂಪವನ್ನು ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಐಹೊಳೆಯ ಒಂದು ಗುಡಿಯಿಂದ ತಿಳಿಯೋಣ.

ಐವತ್ತು ಕೋಟಿ ವರ್ಷಗಳಿಗೂ ಹಿಂದೆ ನೀರು ತಂದೊಟ್ಟಿದ ಮರಳು ಪದರ ಪದರವಾಗಿ ಅದುಮಿಕೊಂಡು ಈ ಕಲ್ಲಾಯಿತು. ಕಣಗಳನ್ನು ಬೆಸೆದ ದ್ರವ್ಯಗಳಲ್ಲಿ ಕಬ್ಬಿಣದ ಆಕ್ಸೈಡೂ ಇರುವುದರಿಂದ ಕೆಂಬಣ್ಣ ಬಂದಿದೆ. ಪದರಗಳ ಗುಂಟ ಬೆಣೆ ಹೊಡೆದರೆ ಅಗಲವಾದ ಚಪ್ಪಡಿಗಳು ಏಳುತ್ತವೆ. ಶಿಲ್ಪಿಗೆ ಇದೇ ದೊಡ್ಡ ಅನುಕೂಲ.

ಲಾಡಖಾನ ಎಂಬವನೊಬ್ಬನು ಹಿಂದೆ ಈ ಗುಡಿಯಲ್ಲಿ ವಾಸವಾಗಿದ್ದುದರಿಂದ ಇದಕ್ಕೆ ಆ ಹೆಸರು ಬಂದಿದೆ. ಇದನ್ನು ಮೊದಲು ೫ನೆಯ ಶತಮಾನದ್ದೆಂದು ಎಣಿಸಿದ್ದರು. ೭ನೆಯ ಶತಮಾನದ ಕೊನೆ ಅಥವಾ ೮ನೆಯ ಶತಮಾನದ್ದೆಂಬುದು ಈಚಿನ ವಿದ್ವಾಂಸರ ಮತ. ಚೌಕಾಕಾರದ ಸಭಾಮಂಟಪದ ನಡುವೆ ನಾಲ್ಕು ಕಂಬಗಳು, ಅವುಗಳ ಸುತ್ತ ಹನ್ನೆರಡು. ಇಷ್ಟು ಒತ್ತಾಗಿ ಕಂಬಗಳೇಕೆ? ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಮೈ ಅದುಮಲ್ಪಡುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ತೊಲೆಯ ಉದ್ದವನ್ನು ಇಮ್ಮಡಿ ಮಾಡಿದರೆ ಅದರ ಸ್ವಂತ ಭಾರವೂ ಇಮ್ಮಡಿ, ಭಾರಕ್ಕೂ ಆಧಾರಕ್ಕೂ ಇರುವ ದೂರವೂ ಇಮ್ಮಡಿ. ಆದ್ದರಿಂದ ಬಾಗಿಸುವ ಬಲದ ಪರಿಣಾಮವು ನಾಲ್ಮಡಿಯಾಗುತ್ತದೆ. ಕಂಬಗಳನ್ನು ಹತ್ತಿರ ತರುವುದು ಇದಕ್ಕೊಂದು ಉಪಾಯ.

ಇನ್ನು ಮಾಡನ್ನು ನೋಡೋಣ. ಸುತ್ತಲೂ ಇಳಿಜಾರಾಗಿ ಚಪ್ಪಡಿಗಳನ್ನು ಹೊದಿಸಿ, ಎರಡು ಚಪ್ಪಡಿಗಳು ಕೂಡುವ ಸಂದಿನ ಮೇಲೆ ಮರದ ತೊಲೆಯಂತೆ ಕಡೆದ ಉದ್ದನೆಯ ಕಲ್ಲನ್ನು ಕೂಡಿಸಿದ್ದಾರೆ. ಮರಗೆಲಸದ ನೆನಪು ಕಲ್ಲಿನಲ್ಲಿ ಉಳಿದಿದೆಯೆನ್ನಬಹುದು. ಆದರೆ ಅದು ಬರಿಯ ಅಲಂಕಾರವಲ್ಲ. ಮಳೆಯ ನೀರು ಸಂದಿನಲ್ಲಿ ಇಳಿಯದೆ ಚಪ್ಪಡಿಯ ಮೇಲೆ ಹರಿದುಹೋಗುತ್ತದೆ.

ಮರಳುಗಲ್ಲಿಗೆ ನೀರೇ ಮುಖ್ಯ ಶತ್ರು. ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳಲ್ಲಿ ಹೊಕ್ಕ ನೀರು ಮತ್ತೆ ಆವಿಯಾಗಿ ಹೊರಬಿದ್ದರೆ ಬಾಧೆ ಕಡಿಮೆ. ದಾರಿ ಕಟ್ಟಿದರೆ ತೇವ ಒಳಗೇ ನಿಲ್ಲುತ್ತದೆ. ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟಿ ಕಣಗಳನ್ನು ದೂಡುತ್ತವೆ. ಕಲ್ಲು ಪುಡಿಯಾಗಿ ಉದುರುತ್ತದೆ. ಸ್ಕಾಟ್ಲೆಂಡಿನ ಹೆಲೆನ್ಸ್‌ಬರೋ ಊರಿನಲ್ಲಿ ೧೯೦೨ರಿಂದ ೧೯೦೪ರವರೆಗೆ ಮ್ಯಾಕಿಂಟಾಷ್ ಎಂಬ ವಾಸ್ತುಶಿಲ್ಪಿ ಕಟ್ಟಿದ ‘ಹಿಲ್ ಹೌಸ್’ ಇದಕ್ಕೆ ನಿದರ್ಶನ. ಮರಳುಗಲ್ಲು, ಇಟ್ಟಿಗೆಗಳ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದ್ದರು. ಗಿಲಾವು ಬಿರಿದು ಮಳೆನೀರು ಒಳಸೇರಿತು, ಹೊರಬರಲಾರದೆ ಹೋಯಿತು. ಕೊನೆಗೆ ೨೦೧೯ರಲ್ಲಿ ಇಡೀ ಮನೆಯ ಮೇಲೆ ಉಕ್ಕಿನ ಬಲೆಯ ದೊಡ್ಡ ಹೊದಿಕೆಯನ್ನು ನಿಲ್ಲಿಸಿ ಗೋಡೆಗಳನ್ನು ಒಣಗಿಸತೊಡಗಿದರು.

ನಮ್ಮ ಊರುಗಳ ಹಳೆಯ ಕಲ್ಲುಮನೆಗಳಿಗೂ ಈ ಪಾಠ ಸಲ್ಲುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ಗೋಡೆ ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಕೊಳೆಯುತ್ತದೆ. ದುರಸ್ತಿಯೆಂದು ಮಾಡಿದ್ದೇ ಮನೆಗೆ ಕೇಡಾಗುತ್ತದೆ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಬಯಲಲ್ಲಿ ಬಿದ್ದ ಒಂದು ಮರಳುಗಲ್ಲಿನ ಚೂರನ್ನೂ ಒಂದು ಕರಿಗಲ್ಲಿನ ಚೂರನ್ನೂ ಚೆನ್ನಾಗಿ ಒಣಗಿಸಿ ತೂಗಿರಿ. ಒಂದು ದಿನ ನೀರಿನಲ್ಲಿಟ್ಟು, ಮೇಲ್ಮೈಯನ್ನು ಒರಸಿ ಮತ್ತೆ ತೂಗಿರಿ. ಹೆಚ್ಚಿದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಕಲ್ಲು ಶೇಕಡಾ ಎಷ್ಟು ನೀರು ಕುಡಿಯಿತೆಂಬುದು ತಿಳಿಯುತ್ತದೆ. ಸ್ಮಾರಕಗಳ ಕಲ್ಲನ್ನು ಮಾತ್ರ ಮುಟ್ಟಬಾರದು. ಲೆಕ್ಕ ಮಾಡಿದ ಮೇಲೆ ಐಹೊಳೆಗೆ ಹೋಗಿ ಆ ಮಾಡನ್ನು ನೋಡಿದರೆ, ಶಿಲ್ಪಿಯು ಸಂದಿನ ಮೇಲೆ ಕಲ್ಲನ್ನೇಕೆ ಕೂಡಿಸಿದನೆಂಬುದು ಯಾರೂ ಹೇಳದೆಯೇ ಮನದಟ್ಟಾಗುವುದು.